ಪ್ಯಾನಿಕನ್ ಫ್ಲ್ಯಾಟ್‌ನ ಏಕೈಕ ಗುಡ್ಡ

ಎಲ್ಲ ತಾಪತ್ರಯಕ್ಕೂ ಮೂಲ ಥೆಲ್ಮಾ ಪ್ರೌಸ್‌ಳ ಕೈಚೀಲ. ಅದರೊಳಗೆ ಒಮ್ಮೆ ಬಿದ್ದದ್ದು ಮತ್ತೆ ಬೆಳಕು ಕಾಣಬೇಕಾದರೆ ಹಣೆಯಲ್ಲಿ ಬರೆದಿರಬೇಕು. ಜಿಲ್ಲಾ ಕಚೇರಿಯಿಂದ ಬಂದ ಕಾಗದ ಒಂಬತ್ತು ದಿನ ಅದರ ಹೊಟ್ಟೆಯಲ್ಲಿ ನೂಲಿನುಂಡೆ, ಕೆಮ್ಮಿನ ಮಾತ್ರೆ, ಲಾಟರಿ ಚೀಟಿಗಳ ನಡುವೆ ನೆಮ್ಮದಿಯಾಗಿ ಮಲಗಿತ್ತು. ಶುಕ್ರವಾರ ಬೆಳಗ್ಗೆ ಎಂಟಕ್ಕೆ ಅವಳು ಕನ್ನಡಕ ಹುಡುಕಲು ಕೈ ಹಾಕಿದಾಗ ಕಾಗದ ಸಿಕ್ಕಿತು, ಕನ್ನಡಕ ಸಿಗಲಿಲ್ಲ. ಹಾಗಾಗಿ ಸ್ಟಾವ್ರೋಸ್‌ನ ಕಾಫಿ ಅಂಗಡಿಗೆ ಹೋಗಿ ಓದಿಸಿಕೊಂಡಳು. ಸ್ಟಾವ್ರೋಸ್‌ನ ಕಂಠ ದೊಡ್ಡದು. ಅವನು ಓದಿ ಮುಗಿಸುವಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು: ಅಳತೆಯವರು ಬರುವುದು ಇವತ್ತೇ, ಮಧ್ಯಾಹ್ನ ಎರಡಕ್ಕೆ.

ದೇಶದಲ್ಲೇ ಅತಿ ಸಪಾಟಾದ ಊರು ಯಾವುದು ಎಂದು ಅಳೆದು, ಗೆದ್ದವರಿಗೆ ಹೆದ್ದಾರಿಯಲ್ಲಿ ದೊಡ್ಡದೊಂದು ಫಲಕ ಹಾಕುತ್ತೇವೆಂದು ಕಚೇರಿಯವರು ಹೇಳಿದ್ದರು. ಕೊನೆಯ ಸುತ್ತಿನಲ್ಲಿ ಉಳಿದಿದ್ದವು ಎರಡು ಊರು. ಒಂದು ಪ್ಯಾನಿಕನ್ ಫ್ಲ್ಯಾಟ್, ಇನ್ನೊಂದು ಮೂವತ್ತು ಕಿಲೋಮೀಟರ್ ಆಚೆಯ ಟಿನ್ ಡಿಶ್. ಊರ ಏಳಿಗೆ ಸಂಘದ ಅಧ್ಯಕ್ಷೆಯಾದ ಥೆಲ್ಮಾಗೆ ಟಿನ್ ಡಿಶ್ ಎಂಬ ಹೆಸರು ಕೇಳಿದರೆ ಊಟ ಸೇರುತ್ತಿರಲಿಲ್ಲ.

ಪ್ಯಾನಿಕನ್ ಫ್ಲ್ಯಾಟ್ ಎಷ್ಟು ಸಪಾಟೆಂದರೆ, ಅಲ್ಲಿ ಯಾರೂ ಗಾಡಿಯ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಹಳೇ ಕಾರು ಮಾರುವಾಗ ಜಾಹೀರಾತಿನಲ್ಲಿ ‘ಹ್ಯಾಂಡ್‌ಬ್ರೇಕ್ ಹೊಸದರ ಹಾಗಿದೆ’ ಎಂದು ಧೈರ್ಯವಾಗಿ ಬರೆಯುತ್ತಾರೆ. ಇನ್ನು ಸಪಾಟು ಎಂಬರ್ಥದ ಫ್ಲ್ಯಾಟ್ ಎಂಬ ಒಂದೇ ಒಂದು ಮಾತು ಅಲ್ಲಿ ಇಪ್ಪತ್ತು ಆಳಿನ ಕೆಲಸ ಮಾಡುತ್ತದೆ. ಗಾಳಿ ಹೋದ ಟೈರು ಫ್ಲ್ಯಾಟ್, ಸತ್ತ ಬ್ಯಾಟರಿ ಫ್ಲ್ಯಾಟ್, ನೊರೆಯಿಲ್ಲದ ಬಿಯರ್ ಫ್ಲ್ಯಾಟ್, ಉಬ್ಬದ ಕೇಕು ಫ್ಲ್ಯಾಟ್, ಶ್ರುತಿಗಿಂತ ಇಳಿದ ಹಾಡು ಫ್ಲ್ಯಾಟ್. ಕ್ಲೆಮ್ ಟಕ್‌ವೆಲ್‌ನ ನಾದಿನಿ ಮೆಲ್ಬರ್ನ್‌ನಲ್ಲಿ ಹನ್ನೊಂದನೇ ಮಹಡಿಯಲ್ಲಿ ಕೂತಿದ್ದರೂ ತಾನು ಫ್ಲ್ಯಾಟ್‌ನಲ್ಲೇ ಇದ್ದೇನೆ ಎಂದು ಕಾಗದ ಬರೆಯುತ್ತಾಳೆ. ಊರಿನವರು ಅದಕ್ಕೂ ತಲೆಯಾಡಿಸುತ್ತಾರೆ.

ಇಂಥ ಊರಿನಲ್ಲಿ ಸಪಾಟಲ್ಲದ್ದು ಒಂದೇ ಒಂದು. ಅದು ಕ್ಲೆಮ್‌ನ ಹಿತ್ತಿಲಿನ ಗುಡ್ಡ.

ಎತ್ತರ ಎಂಟು ಅಡಿ. ಗೋಧಿ ಕಣಜದ ಕೆಲಸದಿಂದ ನಿವೃತ್ತನಾದ ಮಾರನೇ ದಿನವೇ ಕ್ಲೆಮ್ ಅದನ್ನು ಶುರುಮಾಡಿದ್ದ. ಶಾಲೆಯ ಈಜುಕೊಳ ತೋಡಿದ ಮರಳು, ಯಾರದೋ ಚರಂಡಿಯ ಮಣ್ಣು, ಹೀಗೆ ಊರಿಗೆ ಬೇಡವಾದದ್ದನ್ನೆಲ್ಲ ತಳ್ಳುಗಾಡಿಯಲ್ಲಿ ತಂದು ತಂದು ಆರು ವರ್ಷ ಸುರಿದಿದ್ದ. ಮೇಲೆ ಗರಿಕೆ ಹಬ್ಬಿಸಿದ್ದ. ನೆತ್ತಿಯಲ್ಲಿ ಒಂದು ಕುರ್ಚಿ. ಯಾಕಪ್ಪಾ ಇದು ಎಂದು ಕೇಳಿದವರಿಗೆ ಅವನು ಹೇಳುತ್ತಿದ್ದದ್ದು ಒಂದೇ ಮಾತು. ಸಂಜೆ ಕೆಳಗೆ ನಿಂತರೆ ಸೂರ್ಯ ಒಂದು ಸಲ ಮುಳುಗುತ್ತಾನೆ. ತಕ್ಷಣ ಮೇಲಕ್ಕೆ ಓಡಿದರೆ ಇನ್ನೊಂದು ಸಲ ಮುಳುಗುತ್ತಾನೆ. ಗಡಿಯಾರ ಹಿಡಿದು ನೋಡಿದ್ದ, ಏಳು ಸೆಕೆಂಡು ಹೆಚ್ಚು ಬಿಸಿಲು. ವರ್ಷಕ್ಕೆ ಲೆಕ್ಕ ಹಾಕಿದರೆ ನಲವತ್ತೆರಡು ನಿಮಿಷ. “ಅಷ್ಟು ಹೊತ್ತಲ್ಲಿ ಒಂದು ಕೋಣೆಗೆ ಬಣ್ಣ ಬಳೀಬಹುದಿತ್ತು” ಎಂದು ಹೆಂಡತಿ ಉನಾ ಹೇಳುತ್ತಿದ್ದಳು. ಕ್ಲೆಮ್ ಕೇಳಿಸದವನ ಹಾಗೆ ಗುಡ್ಡ ಹತ್ತುತ್ತಿದ್ದ.

ಆ ಶುಕ್ರವಾರವೂ ನೆತ್ತಿಯ ಮೇಲೆ ಚಹಾ ಕುಡಿಯುತ್ತಿದ್ದಾಗ ಥೆಲ್ಮಾ ಬೇಲಿ ದಾಟಿ ಬರುವುದು ಕಂಡಿತು. ಹಿಂದೆ ಸ್ಟಾವ್ರೋಸ್, ಅವನ ಹಿಂದೆ ಜೆಸಿಬಿಯ ಮಾಲೀಕ ನೊಯೆಲ್ ಶಿಪ್ಲಿ, ಅವನ ಹಿಂದೆ ಅರ್ಧ ಊರು.

“ಕ್ಲೆಮ್, ಇಳಿ ಕೆಳಗೆ” ಎಂದಳು ಥೆಲ್ಮಾ.

“ಏನಾಯ್ತು ತಾಯೀ, ಯಾರಾದರೂ ಹೋಗಿಬಿಟ್ರಾ?”

“ಇನ್ನೂ ಇಲ್ಲ. ಎರಡು ಗಂಟೆಗೆ ಹೋಗ್ತದೆ. ನಿನ್ನ ಗುಡ್ಡ.”

ವಿಷಯ ಕೇಳಿ ಕ್ಲೆಮ್‌ನ ಬಾಯೊಳಗಿನ ಚಹಾ ಅಲ್ಲೇ ನಿಂತಿತು. ಅವನು ಖಡಾಖಂಡಿತವಾಗಿ ಆಗುವುದಿಲ್ಲ ಎಂದ. ಆ ಊರಿನಲ್ಲಿ ಅದಕ್ಕೂ ಫ್ಲ್ಯಾಟ್ ಎಂದೇ ಹೆಸರು.

“ಸಂಘದಲ್ಲಿ ಮತ ಹಾಕಿ ಆಯ್ತು” ಎಂದಳು ಥೆಲ್ಮಾ. “ಹನ್ನೊಂದಕ್ಕೆ ಸೊನ್ನೆ.”

“ಸಂಘದಲ್ಲಿ ನಾನೂ ಇದ್ದೀನಲ್ಲ. ನನ್ನ ಕೇಳಲೇ ಇಲ್ಲ.”

“ನೀನು ಗುಡ್ಡದ ಮೇಲಿದ್ದೆ. ಸಭೆ ಕೆಳಗೆ ನಡೀತು.”

ನೊಯೆಲ್ ಟೋಪಿ ಕೈಗೆ ತೆಗೆದುಕೊಂಡು ಮೆಲ್ಲಗೆ ಹೇಳಿದ: “ನೋಡು ಮಾರಾಯ, ನನಗೂ ಮನಸ್ಸಿಲ್ಲ. ಆದರೆ ಆ ಫಲಕ ಟಿನ್ ಡಿಶ್‌ಗೆ ಹೋದರೆ ನಾವು ಅವರ ಹೊಲದ ಪಕ್ಕ ತಲೆ ಎತ್ಕೊಂಡು ಗಾಡಿ ಓಡಿಸೋಕಾಗುತ್ತಾ? ಹತ್ತು ನಿಮಿಷದ ಕೆಲಸ. ನಿನಗೆ ನೋವಾಗದ ಹಾಗೆ ಮಾಡ್ತೀನಿ.”

“ಹಲ್ಲು ಕೀಳೋರೂ ಹಾಗೇ ಹೇಳೋದು.”

ಕ್ಲೆಮ್ ಉನಾಳ ಕಡೆ ನೋಡಿದ. ಅವಳು ಅಡುಗೆಮನೆಯ ಕಿಟಕಿಯಿಂದ ತಲೆ ಹಾಕಿ, “ನನ್ನನ್ನೇನು ನೋಡ್ತೀರಿ? ಬರೋ ಅಧಿಕಾರಿಗೆ ಕೇಕು ಮಾಡೋ ಕೆಲಸ ನನ್ನ ತಲೆ ಮೇಲೆ ಹಾಕಿದ್ದಾರೆ. ಆ ಗುಡ್ಡ ಹೋದರೆ ಬಟ್ಟೆ ಒಣಗಿಸೋಕೆ ಜಾಗ ಆಗ್ತದೆ” ಎಂದಳು. ಮಾತು ಅಷ್ಟು ಬಿರುಸಾಗಿದ್ದರೂ ಒಲೆಯ ಬಾಗಿಲು ತೆರೆದಿಟ್ಟೇ ಅವಳು ಕಿಟಕಿಗೆ ಓಡಿಬಂದಿದ್ದಳು. ಕೇಕು ಅಲ್ಲಿಗೆ ಉಸಿರು ಬಿಟ್ಟು ಚಪಾತಿಯಾಯಿತು.

ಒಂದು ಊರಿಗೆ ಎದುರಾಗಿ ಒಬ್ಬ ಮನುಷ್ಯ ಎಷ್ಟು ಹೊತ್ತು ನಿಂತಾನು. ಕ್ಲೆಮ್ ಕುರ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಇಳಿದ. ಇಳಿದು ಅದೇ ಕುರ್ಚಿಯಲ್ಲಿ ಕೂತು, ತನ್ನ ಗುಡ್ಡದ ಕೊನೆಯ ದರ್ಶನಕ್ಕೆ ಬಂದ ನೆಂಟನ ಹಾಗೆ ಮುಖ ಮಾಡಿದ.

ನೊಯೆಲ್ ಜೆಸಿಬಿ ತರಲು ಹೋದ. ಅರ್ಧ ಗಂಟೆ ಬಿಟ್ಟು ನಡೆದುಕೊಂಡು ವಾಪಸು ಬಂದ.

“ಬ್ಯಾಟರಿ ಫ್ಲ್ಯಾಟ್” ಎಂದ.

ಕ್ಲೆಮ್‌ಗೆ ಆ ಮಾತು ಇಷ್ಟು ಇಂಪಾಗಿ ಹಿಂದೆಂದೂ ಕೇಳಿಸಿರಲಿಲ್ಲ.

“ನನ್ನ ವ್ಯಾನಿನಿಂದ ಕರೆಂಟು ಕೊಡ್ತೀನಿ” ಎಂದು ಸ್ಟಾವ್ರೋಸ್ ಹೊರಟ. ಹೊರಟವನು ರಸ್ತೆಯ ಬದಿಯ ಮುಳ್ಳುಬಳ್ಳಿಯ ಮೇಲೆ ಹಾದು, ಎರಡು ಟೈರು ಫ್ಲ್ಯಾಟ್ ಮಾಡಿಕೊಂಡು ನಿಂತ. ಹೆಚ್ಚುವರಿ ಟೈರು ಒಂದೇ ಇತ್ತು, ಅದೂ ಫ್ಲ್ಯಾಟ್. ಊರಿನಲ್ಲಿ ಗಾಳಿ ಹೊಡೆಯುವ ಪಂಪು ಇದ್ದದ್ದು ಒಬ್ಬನ ಮನೆಯಲ್ಲಿ, ಆ ತಳ್ಳುಗಾಡಿಯ ಕ್ಲೆಮ್‌ನ ಮನೆಯಲ್ಲಿ.

ಕ್ಲೆಮ್ ಪಂಪು ಹುಡುಕಿದ. ಅವನಷ್ಟು ಶ್ರದ್ಧೆಯಿಂದ ಪಂಪು ಹುಡುಕಿದವರನ್ನು ಆ ಊರು ಕಂಡಿರಲಿಲ್ಲ. ಕೊಟ್ಟಿಗೆಯ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಮೊಳೆಯ ಡಬ್ಬಿಯೊಳಗೂ ಇಣುಕಿದ.

“ಮೊಳೆ ಡಬ್ಬಿಯಲ್ಲಿ ಪಂಪು ಹೇಗೋ ಇರ್ತದೆ?” ಎಂದಳು ಥೆಲ್ಮಾ.

“ನೀವು ಒಂಬತ್ತು ದಿನ ಕೈಚೀಲದಲ್ಲಿ ಸರ್ಕಾರವನ್ನೇ ಇಟ್ಕೊಂಡಿದ್ರಲ್ಲ ತಾಯೀ. ಏನು ಬೇಕಾದರೂ ಎಲ್ಲಿ ಬೇಕಾದರೂ ಇರ್ತದೆ.”

ಥೆಲ್ಮಾ ಮುಂದಕ್ಕೆ ಬಂದು, ಅವನು ಬೆನ್ನು ಕೊಟ್ಟು ನಿಂತಿದ್ದ ಗೂಟದಿಂದ ಪಂಪು ತೆಗೆದುಕೊಂಡಳು.

ಹನ್ನೆರಡೂವರೆಗೆ ಜೆಸಿಬಿ ಗುರುಗುಟ್ಟುತ್ತ ಹಿತ್ತಿಲಿಗೆ ಬಂತು. ಜನ ಬೇಲಿಯುದ್ದಕ್ಕೂ ಸಾಲುಗಟ್ಟಿದ್ದರು. ನೊಯೆಲ್ ಗುಡ್ಡದ ಬದಿಯ ಮೇಲಕ್ಕೆ ಗಾಡಿ ಏರಿಸಿ, ಅದರ ಬಾಯಿ ತೆರೆದು ಒಂದು ಕಚ್ಚು ಕಚ್ಚಿಸಿದ. ಆರು ವರ್ಷದ ಗರಿಕೆ ಹಳೇ ಕಂಬಳಿಯ ಹಾಗೆ ಹರಿದು, ಒಳಗಿನ ಹಳದಿ ಮರಳು ಕಾಣಿಸಿತು. ಕ್ಲೆಮ್ ಮುಖ ತಿರುಗಿಸಿದ. ಉನಾ ಕಿಟಕಿಯ ಪರದೆ ಎಳೆದಳು.

ಅದನ್ನು ನೋಡಿ ನೊಯೆಲ್ ಎರಡನೇ ಕಚ್ಚಿಗೆ ಹೋಗಲಿಲ್ಲ. “ಒಂದು ಗುಟುಕು ಚಹಾ ಕುಡಿದು ಮುಂದುವರೀತೀನಿ” ಎಂದು ಎಂಜಿನ್ ಆರಿಸಿ, ಕೆಳಗಿಳಿದು, ಹುಟ್ಟಿದಾಗಿನಿಂದ ಗಾಡಿ ನಿಲ್ಲಿಸಿ ಇಳಿದ ಹಾಗೆಯೇ ಬಾಗಿಲು ದೂಡಿ ಬಂದ. ಹ್ಯಾಂಡ್‌ಬ್ರೇಕ್ ಅವನಿಗೆ ನೆನಪಾಗಲಿಲ್ಲ. ನೋಡುತ್ತಿದ್ದ ಎಂಬತ್ತು ಜನಕ್ಕೂ ನೆನಪಾಗಲಿಲ್ಲ. ಇಳಿಜಾರಿನಲ್ಲಿ ನಿಂತ ಗಾಡಿಯನ್ನು ಆ ಊರಿನವರು ಅದುವರೆಗೆ ನೋಡಿಯೇ ಇರಲಿಲ್ಲ.

ಜೆಸಿಬಿ ಒಂದು ಕ್ಷಣ ಯೋಚಿಸಿತು. ಆಮೇಲೆ ಹಿಂದಕ್ಕೆ ಹೊರಟಿತು.

“ನೊಯೆಲ್” ಎಂದ ಸ್ಟಾವ್ರೋಸ್, “ಒಳಗೆ ಯಾರಿದ್ದಾರೆ?”

“ಯಾರೂ ಇಲ್ಲ. ಯಾಕೆ?”

“ಮತ್ತೆ ಅದು ಎಲ್ಲಿಗೆ ಹೋಗ್ತಾ ಇದೆ?”

ವೇಗವೇನೂ ಹೆಚ್ಚಿರಲಿಲ್ಲ. ಜನ ಮೆರವಣಿಗೆಯ ಹಾಗೆ ಅದರ ಪಕ್ಕದಲ್ಲೇ ನಡೆಯುತ್ತ ಸಲಹೆ ಕೊಟ್ಟರು. ಎಡಕ್ಕೆ ತಿರುಗಿಸಿ ಎಂದು ಒಬ್ಬ, ಹಾರನ್ ಹಾಕಿ ಎಂದು ಇನ್ನೊಬ್ಬ. ನೊಯೆಲ್ ಮೆಟ್ಟಿಲಿಗೆ ಕಾಲಿಡಲು ಹೋಗಿ ಎರಡು ಸಲ ಅಂಗಾತ ಬಿದ್ದ. ಜೆಸಿಬಿ ಕ್ಲೆಮ್‌ನ ಬೇಲಿ ಮುರಿದು, ರಸ್ತೆ ದಾಟಿ, ಎದುರಿನ ಪಬ್ಬಿನ ಹಿಂಗೋಡೆಗೆ ಬೆನ್ನು ಕೊಟ್ಟು, ಬಿಯರಿಗೆ ಗಾಳಿ ಕೊಡುವ ಕೊಳವೆ ಕಿತ್ತುಕೊಂಡು, ಒಂದು ಚಕ್ರ ಚರಂಡಿಯಲ್ಲಿ ಇಳಿಬಿಟ್ಟು ಸುಮ್ಮನಾಯಿತು. ಊರಿನ ಬಿಯರೆಲ್ಲ ಫ್ಲ್ಯಾಟ್. ಅಷ್ಟರವರೆಗೆ ನಗುತ್ತಿದ್ದ ಗಂಡಸರು ಆಗ ಮಾತ್ರ ಟೋಪಿ ತೆಗೆದು ನಿಂತರು.

“ಸಲಿಕೆ ತನ್ನಿ” ಎಂದಳು ಥೆಲ್ಮಾ. “ಮನೆಗೊಂದು ಸಲಿಕೆ.”

ನಲವತ್ತು ಸಲಿಕೆಗಳು ಬಂದವು. ಕ್ಲೆಮ್ ಈಗ ಮತ್ತೆ ಕುರ್ಚಿ ಎತ್ತಿಕೊಂಡು ಗುಡ್ಡ ಹತ್ತಿ ಕೂತಿದ್ದ. “ನನ್ನ ಸಮೇತ ಅಗೀರಿ” ಎಂದ. ನಲವತ್ತು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಸಲಿಕೆಯೂ ಮೊದಲಾಗಲು ಒಪ್ಪಲಿಲ್ಲ.

“ನೊಯೆಲ್, ಶುರುಮಾಡು” ಎಂದಳು ಥೆಲ್ಮಾ.

“ನನಗೆ ಬೆನ್ನುನೋವು. ಎರಡು ಸಲ ಬಿದ್ದಿದ್ದೀನಿ.”

“ಸ್ಟಾವ್ರೋಸ್?”

“ನಾನು ಅವನಿಗೆ ಇಪ್ಪತ್ತು ವರ್ಷದಿಂದ ಕಾಫಿ ಕೊಡ್ತಿದ್ದೀನಿ ತಾಯೀ. ಕಾಲಬುಡಕ್ಕೆ ಸಲಿಕೆ ಹೇಗೆ ಹಾಕ್ಲಿ?”

ಈ ಜಟಾಪಟಿ ನಡೆಯುತ್ತಿರುವಾಗಲೇ ಮುರಿದ ಬೇಲಿಯ ಹತ್ತಿರ ಒಂದು ಬಿಳಿ ಗಾಡಿ ಬಂದು ನಿಂತಿತು. ಕೆಂಪು ಜಾಕೆಟ್ಟಿನ ಒಬ್ಬ ಹೆಂಗಸು ಇಳಿದಳು. ಸರ್ವೇಯರ್ ಕಿಮ್ ಟ್ರಾನ್. ಮುಕ್ಕಾಲು ಗಂಟೆ ಮುಂಚೆ ಬಂದಿದ್ದಳು. ನಲವತ್ತು ಸಲಿಕೆಗಳು ಒಟ್ಟಿಗೆ ನಲವತ್ತು ಬೆನ್ನುಗಳ ಹಿಂದೆ ಹೋದವು.

“ಟಿನ್ ಡಿಶ್ ಬೇಗ ಮುಗೀತು” ಎಂದಳು ಕಿಮ್. ಆಮೇಲೆ ತಲೆ ಎತ್ತಿದಳು. ಆ ಊರಿನಲ್ಲಿ ಹೊರಗಿನವರು ತಲೆ ಎತ್ತಿ ನೋಡಿದ್ದು ಅದೇ ಮೊದಲು. “ಅದೇನು?”

“ಎಲ್ಲಿ?” ಎಂದಳು ಥೆಲ್ಮಾ.

“ಅದೇ. ಮೇಲೆ ಒಬ್ಬರು ಕೂತಿದ್ದಾರಲ್ಲ, ಅದು.”

ಥೆಲ್ಮಾ ಕೈಚೀಲದೊಳಗೆ ಕೈ ಹಾಕಿ ಏನನ್ನೋ ಹುಡುಕತೊಡಗಿದಳು. ಕ್ಲೆಮ್ ಎದ್ದು ನಿಂತ. ಇಡೀ ಊರಿನ ಕಣ್ಣು ತನ್ನ ಮೇಲಿರುವುದು ಗೊತ್ತಾಯಿತು. ಗೊತ್ತಾಗಿ ಅವನ ಜಂಭವೆಲ್ಲ ಇಳಿಯಿತು. ಊರಿಗೆ ಬರುವ ಫಲಕವನ್ನು ತಾನು ತಪ್ಪಿಸಿಬಿಟ್ಟೆನಲ್ಲ ಎನಿಸಿತು.

“ಗುಡ್ಡ ಅಮ್ಮಾ” ಎಂದ. “ನನ್ನದು. ನಾನೇ ಹಾಕಿದ್ದು, ಆರು ವರ್ಷ. ಊರಿನವರದ್ದೇನೂ ತಪ್ಪಿಲ್ಲ. ಅರ್ಧ ದಿನ ಕೊಟ್ಟರೆ ತೆಗೆದುಬಿಡ್ತೀನಿ.”

ಹೀಗೆಂದು ಅವನು ಕುರ್ಚಿ ಎತ್ತಿಕೊಂಡ. ನೊಯೆಲ್ ನೆಲ ನೋಡಿದ.

“ಯಾಕೆ ತೆಗೀಬೇಕು?” ಎಂದಳು ಕಿಮ್. “ಮನುಷ್ಯ ಹಾಕಿದ ಮಣ್ಣು ನಮ್ಮ ಅಳತೆಗೆ ಬರಲ್ಲ. ಮನೆ, ಗೋದಾಮು, ಗುಪ್ಪೆ ಯಾವುದೂ ಬರಲ್ಲ. ನಾವು ನೋಡೋದು ಹುಟ್ಟು ನೆಲ ಮಾತ್ರ. ಆ ಕಾಗದದ ಎರಡನೇ ಪುಟದಲ್ಲೇ ಬರೆದಿದ್ದೀವಲ್ಲ.”

ಎಲ್ಲರೂ ಥೆಲ್ಮಾಳ ಕಡೆ ತಿರುಗಿದರು. ಥೆಲ್ಮಾ ಸ್ಟಾವ್ರೋಸ್‌ನ ಕಡೆ ತಿರುಗಿದಳು.

“ಎರಡನೇ ಪುಟ ನೀವು ಕೊಡಲೇ ಇಲ್ಲ” ಎಂದ ಸ್ಟಾವ್ರೋಸ್. “ಅದು ಇನ್ನೂ ಚೀಲದೊಳಗೇ ಇರಬೇಕು.”

“ಸದ್ಯ, ಗುಡ್ಡ ಇರೋದು ಒಳ್ಳೇದೇ ಆಯ್ತು” ಎಂದು ಕಿಮ್ ಗುಡ್ಡದ ಕಡೆ ಕೈ ತೋರಿಸಿದಳು. “ನಿಮ್ಮೂರ ಬೇಲಿ, ಮರ ಎಲ್ಲ ಅಡ್ಡ ಬರ್ತವೆ. ನನ್ನ ಯಂತ್ರ ಅದರ ಮೇಲೆ ಇಡಬಹುದಾ?”

ಕ್ಲೆಮ್ ಓಡಿಹೋಗಿ ತನ್ನ ಕೈಯಾರೆ ಯಂತ್ರದ ಮುಕ್ಕಾಲಿಯನ್ನು ನೆತ್ತಿಗೆ ಸಾಗಿಸಿದ. ಆಮೇಲೆ ಮೂರು ಗಂಟೆ ಕಾಲ ನೊಯೆಲ್ ಅಳತೆಕೋಲು ಹಿಡಿದು ಊರಿನ ಮೂಲೆ ಮೂಲೆಗೆ ನಡೆದ, ಕಿಮ್ ಮೇಲಿನಿಂದ ಕಣ್ಣಿಟ್ಟು ನೋಡಿದಳು, ಕ್ಲೆಮ್ ಅವಳಿಗೆ ಉನಾಳ ಚಪ್ಪಟೆ ಕೇಕು ತಿನ್ನಿಸಿದ. ನಾಲ್ಕೂವರೆಗೆ ಅವಳು ಪುಸ್ತಕ ಮುಚ್ಚಿದಳು. ಪ್ಯಾನಿಕನ್ ಫ್ಲ್ಯಾಟ್‌ನ ಈ ತುದಿಗೂ ಆ ತುದಿಗೂ ಎತ್ತರದ ವ್ಯತ್ಯಾಸ ಹನ್ನೊಂದು ಸೆಂಟಿಮೀಟರ್. ಟಿನ್ ಡಿಶ್‌ನಲ್ಲಿ ಹತ್ತೊಂಬತ್ತು.

ಫ್ಲ್ಯಾಟ್ ಬಿಯರನ್ನೇ ಎತ್ತಿ ಎಲ್ಲರೂ ಕುಡಿದರು. ಸಂಘದ ಹೆಂಗಸರು ಹಾಡಿದ ಹಾಡು ಪ್ರತಿ ಸಾಲಿಗೂ ಅರ್ಧ ಸ್ವರ ಇಳಿಯುತ್ತ ಹೋಗಿ ಕೊನೆಗೆ ನೆಲ ಮುಟ್ಟಿತು. ಅದೂ ಊರಿಗೆ ಒಪ್ಪುವಂತೆಯೇ ಇತ್ತು. ಕಿಮ್ ಕೈಬೀಸಿ ಹೊರಟಳು. ಕ್ಲೆಮ್‌ನ ಸಂತೋಷಕ್ಕೆ ಲಗಾಮಿರಲಿಲ್ಲ. ಊರಿಗೆ ಫಲಕ, ತನಗೆ ಗುಡ್ಡ. ಆ ಸಂತೋಷದಲ್ಲೇ ಅವನು ಆ ದಿನದ ದೊಡ್ಡ ತಪ್ಪು ಮಾಡಿದ.

“ಥೆಲ್ಮಾ ತಾಯೀ” ಎಂದ, “ಒಂದು ಸಲ ಮೇಲೆ ಬಂದು ನೋಡಿ.”

ಥೆಲ್ಮಾ ಎಪ್ಪತ್ತಮೂರು ವರ್ಷದಿಂದ ಅದೇ ಊರಿನಲ್ಲಿದ್ದವಳು. ಕ್ಲೆಮ್‌ನ ಕೈ ಹಿಡಿದು ಉಸ್ಸಪ್ಪಾ ಎನ್ನುತ್ತ ಹತ್ತಿದಳು. ಮೇಲೆ ನಿಂತು ಸುತ್ತ ತಿರುಗಿದಳು. ತಗಡಿನ ಮಾಡುಗಳು, ಅವುಗಳಾಚೆ ಗೋಧಿಯ ಕೂಳೆ, ಅದರಾಚೆ ಮತ್ತೂ ನೆಲ, ಅಂಚಿನವರೆಗೆ ಎಲ್ಲೂ ಒಂದು ಸುಕ್ಕಿಲ್ಲ, ಯಾರೋ ಇಸ್ತ್ರಿ ಹಾಕಿ ಹಾಸಿದ ಹಾಗೆ. ಮತ್ತೆ ಒಂದು ಸುತ್ತು ತಿರುಗಿದಳು.

“ಏನ್ರೀ ಕಾಣ್ತದೆ?” ಎಂದು ಕೆಳಗಿನಿಂದ ಯಾರೋ ಕೇಳಿದರು.

“ನಾವು ಎಷ್ಟು ಸಪಾಟಾಗಿದ್ದೀವಿ ಅಂತ ನನಗೆ ಗೊತ್ತೇ ಇರಲಿಲ್ಲ ಕಣ್ರೋ” ಎಂದು ಥೆಲ್ಮಾ ಕಣ್ಣೊರೆಸಿಕೊಂಡಳು. “ಕೆಳಗಿನಿಂದ ಇದು ಕಾಣೋದೇ ಇಲ್ಲ. ಬನ್ನಿ, ಎಲ್ಲರೂ ಬಂದು ನೋಡಿ.”

ಎಲ್ಲರೂ ಬಂದರು. ಮೊದಲು ಸಾಲಾಗಿ, ಆಮೇಲೆ ಗುಂಪಾಗಿ. ಸೂರ್ಯ ಎರಡು ಸಲ ಮುಳುಗುವುದನ್ನು ತೋರಿಸು ಎಂದು ಹಟ ಹಿಡಿದರು. ಕ್ಲೆಮ್ ಗಡಿಯಾರ ಹಿಡಿದು ಕೂಗು ಹಾಕಿದ. ಊರಿಗೆ ಊರೇ ಕೆಳಗೆ ನಿಂತು ಸೂರ್ಯನನ್ನು ಒಂದು ಸಲ ಮುಳುಗಿಸಿ, ಒಬ್ಬರನ್ನೊಬ್ಬರು ನೂಕುತ್ತ ಮೇಲಕ್ಕೆ ಓಡಿ ಇನ್ನೊಂದು ಸಲ ಮುಳುಗಿಸಿ, ಚಪ್ಪಾಳೆ ತಟ್ಟಿತು. ಆಮೇಲೂ ಯಾರಿಗೂ ಇಳಿಯುವ ಮನಸ್ಸಿಲ್ಲ. ಇಳಿಜಾರೆಂಬುದನ್ನೇ ಕಂಡಿರದ ಜನ. ಸ್ಟಾವ್ರೋಸ್ ಬನ್ನು ಬೇಯಿಸುವ ತಟ್ಟೆ ತಂದು ಅದರ ಮೇಲೆ ಕೂತು ಜಾರಿದ. ಅದನ್ನು ನೋಡಿ ನೊಯೆಲ್ ಬೆನ್ನುನೋವು ಮರೆತು ಜಾರಿದ. ಪಬ್ಬಿನ ಟ್ರೇಗಳು ಬಂದವು, ರಟ್ಟಿನ ಪೆಟ್ಟಿಗೆಗಳು ಬಂದವು. ಥೆಲ್ಮಾ ಕೈಚೀಲ ಎದೆಗವಚಿಕೊಂಡು ಮೂರು ಸಲ ಜಾರಿದಳು. ನೂರ ನಲವತ್ತು ಜನ, ಹದಿನೇಳು ನಾಯಿ. ಮಧ್ಯಾಹ್ನ ಜೆಸಿಬಿ ಹರಿದ ಗರಿಕೆಯ ಬಾಯಿ ಅಗಲವಾಗುತ್ತ ಹೋಯಿತು, ಒಳಗಿನ ಮರಳು ಚೀಲ ಬಿಚ್ಚಿದ ಸಕ್ಕರೆಯಂತೆ ಸುರಿಯುತ್ತ ಹೋಯಿತು.

ಕ್ಲೆಮ್ ನೆತ್ತಿಯಲ್ಲಿ ನಿಂತು ಎಲ್ಲರಿಗೂ ದಿಕ್ಕು ತೋರಿಸುತ್ತಲೇ ಇದ್ದ. ಯಾರೋ ಪಕ್ಕದಲ್ಲಿ ಕೆಮ್ಮಿದ ಹಾಗಾಯಿತು. ತಿರುಗಿದರೆ ಉನಾ. ಅವಳು ಗುಡ್ಡ ಹತ್ತುವವಳಲ್ಲ. “ನೀನು ಯಾವಾಗ ಮೇಲೆ ಬಂದೆ?” ಎಂದ.

“ನಾನು ಬಂದಿಲ್ಲ ಕಣ್ರೀ” ಎಂದಳು ಉನಾ. “ನಾನು ನೆಲದ ಮೇಲೇ ನಿಂತಿದ್ದೀನಿ. ನೀವೇ ಕೆಳಗೆ ಬಂದಿದ್ದೀರ.”

ಕ್ಲೆಮ್ ಕಾಲಬುಡ ನೋಡಿಕೊಂಡ. ಗುಡ್ಡ ಮೊಣಕಾಲಿನಷ್ಟು ಉಳಿದಿತ್ತು. ಮಿಕ್ಕ ಮಣ್ಣೆಲ್ಲ ಬಟ್ಟೆಗೆ ಹಾಕುವ ಗಂಜಿಯ ಹಾಗೆ ಹಿತ್ತಿಲ ತುಂಬ ತೆಳ್ಳಗೆ ಹರಡಿತ್ತು. ಜೆಸಿಬಿಯಿಂದ ಆಗದ್ದು, ನಲವತ್ತು ಸಲಿಕೆಯಿಂದ ಆಗದ್ದು, ಎರಡು ಗಂಟೆಯ ಪ್ರೀತಿಯಿಂದ ಆಗಿಹೋಗಿತ್ತು.

ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಟ್ರೇಗಳು ಕೆಳಗಿಳಿದವು. ನೊಯೆಲ್ ಷೂ ಬಿಚ್ಚಿ, ಅದರೊಳಗಿನ ಮರಳನ್ನು ಜೋಪಾನವಾಗಿ ತಂದು ಗುಡ್ಡದ ಮೇಲೆ ಸುರಿದ. ಅದನ್ನು ಕಂಡು ಉಳಿದವರೂ ಷೂ ಬಿಚ್ಚಿದರು. ಥೆಲ್ಮಾ ಕೈಚೀಲ ತಲೆಕೆಳಗು ಮಾಡಿ ಕೊಡವಿದಳು. ಎರಡು ಹಿಡಿ ಮರಳು ಬಿತ್ತು, ಜೊತೆಗೆ ಅವಳ ಕನ್ನಡಕವೂ ಬಿತ್ತು.

“ಸಭೆ ಸೇರಿದೆ” ಎಂದಳು ಕನ್ನಡಕ ಏರಿಸಿಕೊಂಡು. “ಗುಡ್ಡ ಸಮಿತಿ. ಅಧ್ಯಕ್ಷೆ ನಾನು. ಗುಡ್ಡ ಮತ್ತೆ ಏಳಬೇಕು, ಈ ಸಲ ಹತ್ತು ಅಡಿ. ಒಪ್ಪಿಗೆ ಇಲ್ಲದೋರು ಯಾರು? ಯಾರೂ ಇಲ್ಲ. ಕ್ಲೆಮ್, ಎಷ್ಟು ದಿನ ಬೇಕು?”

“ಆರು ವರ್ಷ” ಎಂದ ಕ್ಲೆಮ್.

“ಫಲಕ ಹಾಕೋಕೆ ಮುಂದಿನ ಗುರುವಾರ ಬರ್ತಾರೆ. ಗುರುವಾರ ಅಂತ ಬರ್ಕೊಳ್ಳಿ.”

“ಮಣ್ಣು ಎಲ್ಲಿಂದ ತರೋದು ತಾಯೀ? ಇಲ್ಲಿ ಅಗೆದರೆ ಹನ್ನೊಂದು ಸೆಂಟಿಮೀಟರ್ ಹೋಗಿಬಿಡ್ತದೆ.”

“ಟಿನ್ ಡಿಶ್‌ನಿಂದ” ಎಂದಳು ಥೆಲ್ಮಾ, ಒಂದು ಕ್ಷಣವೂ ಯೋಚಿಸದೆ. “ಅವರಿಗೆ ಗುಂಡಿ, ನಮಗೆ ಗುಡ್ಡ.”

ಜನ ನಕ್ಕರು. ಕ್ಲೆಮ್ ನಗಲಿಲ್ಲ. ಪಶ್ಚಿಮದಲ್ಲಿ ಇನ್ನೂ ಕೆಂಪು ಆರಿರಲಿಲ್ಲ. ಅವನು ಆ ಮೊಣಕಾಲೆತ್ತರದ ಗುಪ್ಪೆಯ ಮೇಲೆಯೇ ನಿಂತು ಅಭ್ಯಾಸಬಲದಿಂದ ಆ ಕಡೆ ಕತ್ತು ಉದ್ದ ಮಾಡುತ್ತಿದ್ದ.

“ಏನಾದರೂ ಕಾಣ್ತದಾ?” ಎಂದು ನೊಯೆಲ್ ಮೆಲ್ಲಗೆ ಕೇಳಿದ.

“ಎಲ್ಲಿ ಕಾಣ್ತದೆ. ನಿಮ್ಮೆಲ್ಲರ ತಲೆ ಅಡ್ಡ ಬರ್ತದೆ.”

ಥೆಲ್ಮಾ ಸುತ್ತ ನೋಡಿದಳು. “ಕೂತ್ಕೊಳ್ಳಿ” ಎಂದಳು.

“ಎಲ್ಲಿ?”

“ನೆಲದ ಮೇಲೆ. ಎಲ್ಲರೂ. ನಾಯಿಗಳನ್ನೂ ಕೂರಿಸಿ.”

ಮುಂದಿನ ಸಾಲು ಕೂತಿತು, ಹಿಂದಿನ ಸಾಲು ಕೂತಿತು, ಬೇಲಿಯಾಚೆಯವರು ಕೂತರು. ಸ್ಟಾವ್ರೋಸ್‌ನ ಹೊಟ್ಟೆ ಕೂತರೂ ಎತ್ತರ ಕಾಣುತ್ತಿದ್ದುದರಿಂದ ಅವನನ್ನು ಮಲಗಿಸಿದರು. ಉನಾ ಕೊನೆಗೆ ಸೀರೆಯಂಥ ತನ್ನ ಉದ್ದ ಏಪ್ರನ್ ಮಡಚಿಕೊಂಡು ಗಂಡನ ಕಾಲ ಹತ್ತಿರ ಕೂತಳು. ನೂರ ನಲವತ್ತು ಜನ ಇಳಿದಷ್ಟೂ ಮೊಣಕಾಲೆತ್ತರದ ಗುಡ್ಡ ಏರಿತು. ಅದರ ಮೇಲೆ ಒಬ್ಬನೇ ನಿಂತ ಕ್ಲೆಮ್ ಟಕ್‌ವೆಲ್‌ಗೆ, ಎಲ್ಲರ ತಲೆಗಳಾಚೆ, ಅಂಚಿನವರೆಗೂ ಕಂಡಿತು.